ಬೆಕ್ಕಿನ ಜಿಮ್ಮಾ ಹೊತ್ತ ಗಿಡ್ಡಪ್ಪ

ನಮ್ಮ ದೊಡ್ಡಪ್ಪ ಗಿಡ್ಡಪ್ಪ ಓಣಿಗೆ ಕಾಲಿಟ್ಟರೆ ಮಕ್ಕಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಓಡುತ್ತಿದ್ದವು. ಉಣ್ಣಲು ಹಟ ಮಾಡುವ ಕೂಸಿಗೆ ಮಸ್ಕಿಯ ತಾಯಂದಿರು, "ತಡಿ, ಕಿವಿ ಗಿಡ್ಡಪ್ಪನ್ನ ಕರೀತೀನಿ" ಎಂದು ಹೆದರಿಸುತ್ತಿದ್ದರು. ದೊಡ್ಡಪ್ಪ ಹೆಗಲ ಚೀಲದಿಂದ ಇಕ್ಕಳ ತೆಗೆದು, ಗಾಳಿಯಲ್ಲಿ ಒಮ್ಮೆ ಕಟ್ ಎನ್ನಿಸಿ, ನಕ್ಕು ಮುಂದೆ ಹೋಗುತ್ತಿದ್ದ.

ಅವನು ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಅಕ್ಷರ ಕಲಿಯಲಿಲ್ಲ, ಕತ್ತರಿ ಕಲಿತ. ಕುರಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಚರ್ಮಕ್ಕೆ ಒಂದು ಗೀರೂ ಬೀಳದಂತೆ ಉಣ್ಣೆಯನ್ನು ಒಂದೇ ಹಾಸಾಗಿ ಬಿಡಿಸುತ್ತಿದ್ದ. ಕತ್ತರಿಸಿದ ಉಣ್ಣೆಯ ಒಂದು ಎಳೆಯನ್ನೂ ಮಣ್ಣಿಗೆ ಬಿಡುತ್ತಿರಲಿಲ್ಲ; ಬಟ್ಟೆಯಲ್ಲಿ ಗಂಟು ಕಟ್ಟಿ ಇಡುವುದು ನಮ್ಮ ಮನೆತನದ ರೂಢಿ. ಈ ರೂಢಿಯ ಮಾತು ಮುಂದೆ ಬರುತ್ತದೆ.

ಎಂಬತ್ತರ ದಶಕದಲ್ಲಿ ಬ್ಯಾಂಕಿನ ಸಾಲದ ಎಮ್ಮೆಗಳು, ಸಾಲದ ಕುರಿಗಳು ಊರೂರಿಗೆ ಬಂದವು. ಪ್ರತಿಯೊಂದಕ್ಕೂ ವಿಮೆ. ವಿಮೆಗೆ ಗುರುತು ಬೇಕು. ಗುರುತೆಂದರೆ ಕಿವಿಗೆ ಚುಚ್ಚುವ, ನಂಬರು ಕೊರೆದ ಒಂದು ಬಿಲ್ಲೆ. ಒದೆಯುವ ಎಮ್ಮೆಯ ಕಿವಿ ಹಿಡಿಯಲು ಬಲ್ಲವರು ಬೇಕಾಯಿತು. ವಿಮೆ ಕೆಲಸದ ಬಾಬುಸಾಬ್ ಲಿಂಗಸುಗೂರಿನಿಂದ ಬಂದು ದೊಡ್ಡಪ್ಪನನ್ನು ಹುಡುಕಿಕೊಂಡ. ಅಂದಿನಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಬಸ್ಸಿನಲ್ಲಿ ತಿರುಗುವುದೇ ಅವನ ಬದುಕಾಯಿತು. ಪ್ರಾಣಿ ಸತ್ತರೂ ಅವನೇ ಬೇಕು. ಬಿಲ್ಲೆ ಸಮೇತ ಕಿವಿ ಕೊಯ್ದು ಒಪ್ಪಿಸಿದರೆ ಮಾತ್ರ ಅದು ಸತ್ತದ್ದು ಖರೆ ಎಂದು ಆಫೀಸು ನಂಬುತ್ತಿತ್ತು. ಪಂಚನಾಮೆಗೆ ದೊಡ್ಡಪ್ಪನ ಹೆಬ್ಬೆಟ್ಟು ಬೀಳುತ್ತಿತ್ತು.

ಮಾರಿಬಿಟ್ಟ ಎಮ್ಮೆಯನ್ನು ಜಡ್ಡಿನಿಂದ ಸತ್ತಿತೆಂದು ಹೇಳಲು ಜನ ಅವನಿಗೆ ಚಹಾ ಕುಡಿಸುತ್ತಿದ್ದರು, ಕಾಲು ಹಿಡಿಯುತ್ತಿದ್ದರು. ಅವನದು ಒಂದೇ ಮಾತು. "ನಾ ನೋಡಿದ್ದು ಹೇಳ್ತೀನಿ. ನೋಡದಿದ್ದದ್ದು ನನ್ನ ಬಾಯಾಗ ಬರಂಗಿಲ್ಲ." ಹೀಗಾಗಿ ಅವನ ಮಾತಿಗೆ ತೂಕ ಬಂತು. ಗಿಡ್ಡಪ್ಪ ಹೇಳಿದ್ದಾನೆಂದರೆ ಮುಗಿಯಿತು, ಬಾಬುಸಾಬ್ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ.

ಸಿಂಧನೂರಿನ ಅಕ್ಕಿ ಗಿರಣಿಯ ಬಸವಂತರಾಯರ ಎರಡು ಎಮ್ಮೆಗಳಿಗೆ ಬಿಲ್ಲೆ ಹಾಕಿದವನೂ ಅವನೇ. ಆ ಮನೆಗೆ ತೊಂಬತ್ತೊಂದರ ದೀಪಾವಳಿಗೆ ಒಂದು ಬೆಕ್ಕು ಬಂತು. ಬಸವಂತರಾಯರ ಹೆಂಡತಿ ಕಸ್ತೂರೆಮ್ಮನವರ ತಂಗಿ ಗುರುಲಿಂಗಮ್ಮ ಅದನ್ನು ಹೈದರಾಬಾದಿನಿಂದ ಬುಟ್ಟಿಯಲ್ಲಿಟ್ಟು ತಂದಿದ್ದರು. ಪರ್ಷಿಯನ್ ಜಾತಿ. ಚಪ್ಪಟೆ ಮೂಗು, ಜೇನಿನ ಬಣ್ಣದ ಕಣ್ಣು, ನೆಲ ಗುಡಿಸುವಷ್ಟು ಉದ್ದದ ಬಿಳಿ ಕೂದಲು. ಜೊತೆಗೆ ಅದರ ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಬರೆದ ಒಂದು ದಪ್ಪ ಕಾಗದ.

"ನಮ್ಮ ಮುತ್ತ್ಯಾನ ಅಪ್ಪನ ಹೆಸರು ನನಗ ಗೊತ್ತಿಲ್ಲ, ಈ ಬೆಕ್ಕಿಗೆ ಗೊತ್ತೈತಿ ನೋಡು" ಎಂದು ಬಸವಂತರಾಯರು ಗಿರಣಿಗೆ ಬಂದವರಿಗೆಲ್ಲ ಕಾಗದ ತೋರಿಸಿದರು.

ಕಸ್ತೂರೆಮ್ಮನವರು ಮಾತ್ರ ನಗಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಮಧ್ಯಾಹ್ನಗಳು ತುಂಬ ಉದ್ದವಾಗಿದ್ದವು. ಅವರು ಬೆಕ್ಕಿಗೆ ಅರಳಿ ಎಂದು ಹೆಸರಿಟ್ಟರು. ಬೀಜ ತೆಗೆದ ಹತ್ತಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಹಾಲನ್ನ, ಮೊಸರನ್ನ, ತುಪ್ಪ ಸವರಿದ ಸಣ್ಣ ತುತ್ತು, ಇವೇ ಅದರ ಊಟ. ಮುಂಜಾನೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಾಗ ಬೆಕ್ಕು ಅವರ ಮೊಣಕಾಲಿಗೆ ಆತು ಕಣ್ಣು ಮುಚ್ಚಿರುತ್ತಿತ್ತು. ಇದಕ್ಕೂ ಹಿಂದಿನ ಜನ್ಮದ ಸಂಸ್ಕಾರ ಇದೆ ಎಂದು ಅವರು ನಂಬಿದ್ದರು.

ಎಮ್ಮೆಗಳ ವಿಮೆ ಹೊಸದು ಮಾಡಲು ಬಾಬುಸಾಬ್ ಮತ್ತು ದೊಡ್ಡಪ್ಪ ಹೋದ ದಿನ ಅವರು ಪಡಸಾಲೆಗೆ ಬಂದು ನಿಂತರು.

"ಎಮ್ಮಿಗೆ ಮಾಡ್ತೀರಿ, ಎತ್ತಿಗೆ ಮಾಡ್ತೀರಿ. ನಮ್ಮ ಅರಳಿಗೆ ಯಾಕ ಮಾಡಂಗಿಲ್ರಿ?"

ಬಾಬುಸಾಬ್ ಕಾಗದಗಳಿಂದ ತಲೆ ಎತ್ತಿದ. "ಅಮ್ಮಾರ, ನಮ್ಮ ಪಟ್ಟಿನಾಗ ಹಾಲು ಕೊಡೋದು, ಹೊಲ ಉಳೋದು, ಉಣ್ಣಿ ಕೊಡೋದು ಇಷ್ಟ ಅದಾವ್ರಿ. ಇದು ಏನ್ ಕೊಡ್ತೈತ್ರಿ?"

"ನನಗ ನಿದ್ದಿ ಕೊಡ್ತೈತಿ."

"ನಿದ್ದಿಗೆ ಖಾನೆ ಇಲ್ಲೇನಪಾ ಬಾಬುಸಾಬ್ ನಿನ್ನ ಕಾಗದದಾಗ?" ಎಂದು ಬಸವಂತರಾಯರು ನಕ್ಕರು.

ಕಸ್ತೂರೆಮ್ಮನವರು ದೊಡ್ಡಪ್ಪನ ಕಡೆ ತಿರುಗಿದರು. "ಹಂಗಾರ ಗಿಡ್ಡಪ್ಪಾ, ಇದರ ವಿಮಾ ನೀ ಆಗು."

"ನಾ ವಿಮಾ ಆಗೋದಂದ್ರ ಹೆಂಗ್ರಿ ಅಮ್ಮಾರ?"

"ಅಮಾಸಿಗೊಮ್ಮೆ ನಾಕು ಸೇರು ಅಕ್ಕಿ ಒಯ್ಯಿ. ಅರಳಿ ನೆಟ್ಟಗಿದ್ರೂ ಒಯ್ಯಿ. ವಾರಕ್ಕೊಮ್ಮೆ ಬಂದು ಮೈ ನೋಡು, ಸಿಕ್ಕು ಬಿಡಿಸು. ಜಡ್ಡಾತು ಅಂದ್ರ ಎಲ್ಲಿದ್ರೂ ಓಡಿ ಬಾ. ನೆಟ್ಟಗಾಗೋ ತನಕಾ ಬಿಟ್ಟು ಹೋಗಂಗಿಲ್ಲ. ಇದರ ಜಿಮ್ಮಾ, ಪೂರಾ ಹೊಣಿ, ನಿಂದು."

ದೊಡ್ಡಪ್ಪ ಒಪ್ಪಿಕೊಂಡ. ಅವರು ಕಿವಿಗೆ ಬಿಲ್ಲೆಯೂ ಬೇಕೆಂದರು. ಅವನು ಬೆಕ್ಕಿನ ಕಿವಿಯನ್ನು ಬೆಳಕಿಗೆ ಹಿಡಿದ. ವೀಳ್ಯದೆಲೆಗಿಂತ ತೆಳುವು, ಒಳಗಿನ ಕೆಂಪು ನರ ಕಾಣುತ್ತಿತ್ತು. ಇಕ್ಕಳವನ್ನು ಚೀಲಕ್ಕೆ ಹಾಕಿ, ನಂಬರು ಕೊರೆಯದ ಒಂದು ಬಿಲ್ಲೆಯನ್ನು ಕೆಂಪು ದಾರಕ್ಕೆ ಪೋಣಿಸಿ ಅರಳಿಯ ಕೊರಳಿಗೆ ಕಟ್ಟಿದ. ಅಮಾವಾಸ್ಯೆಗೆ ಗಿರಣಿ ಸದ್ದು ಮಾಡುವುದಿಲ್ಲ. ಆ ಮೌನದಲ್ಲಿ ಅಕ್ಕಿ ಅಳೆಯುವ ಶಬ್ದ ಕೇಳುತ್ತ ನಿಲ್ಲುವುದು ತನಗೆ ಹಿತವಾಗಿತ್ತೆಂದು ಅವನೇ ಹೇಳುತ್ತಿದ್ದ.

ಬುಧವಾರ ಅರಳಿಯ ವಾರವಾಯಿತು. ದೊಡ್ಡಪ್ಪ ಹಿತ್ತಲಿನ ಬೇವಿನ ನೆರಳಲ್ಲಿ ಕೂತು ಬೆರಳಿನಿಂದಲೇ ಸಿಕ್ಕು ಬಿಡಿಸುತ್ತಿದ್ದ. ಕಣ್ಣಿನ ಪಿಸುರು ಒರೆಸಿ, ಉಗುರು ನೋಡಿ, ಬಾಯಿ ತೆರೆದು ನೋಡುತ್ತಿದ್ದ. ನಾಲ್ಕನೆಯ ವಾರವೋ ಐದನೆಯದೋ, ಬಾಯಿಯಿಂದ ಒಂದು ಗುರುತಿನ ವಾಸನೆ ಬಂತು. ಅವನು ತಲೆ ಎತ್ತಿದ. ಮನೆಗೆಲಸದ ಪಕೀರಮ್ಮ ಪಾತ್ರೆ ಬೆಳಗುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

ಪಕೀರಮ್ಮ ಕಾಲುವೆ ದಂಡೆಯ ವಳಕಮದಿನ್ನಿಯವಳು. ಎಂಟು ವರ್ಷದಿಂದ ಆ ಮನೆಯಲ್ಲಿದ್ದಳು.

"ಪಕೀರಮ್ಮಾ, ಈ ಬೆಕ್ಕಿನ ಬಾಯಾಗ ಕಾಲಿವಿ ಮೀನಿನ ವಾಸನಿ ಬರಾಕತ್ತೈತಲ್ಲಬೇ?"

"ಮೆಲ್ಲಕ ಯಣ್ಣಾ!" ಅವಳು ಬೂದಿಯ ಕೈಯಲ್ಲೇ ಓಡಿ ಬಂದಳು. "ಹಾಲನ್ನ ತಿಂದು ತಿಂದು ಅದರ ಕಣ್ಣು ಮಂಕಾಗಿದ್ವು. ನೋಡಿ ನನ್ನ ಕರಳು ಚುರ್ ಅಂತು. ಊರಿಂದ ಒಣ ಮೀನು ತಂದು ಕೊಟ್ಟಿಗಿ ಹಿಂದ ಒಂದೀಟು ಹಾಕ್ತೀನಿ. ಬಾಯಿ ಒರಸೇ ಒಳಗ ಬಿಡ್ತೀನಿ. ಅಮ್ಮಾರಿಗೆ ಗೊತ್ತಾದ್ರ ನನ್ನ ಗತಿ ಮುಗೀತು."

ದೊಡ್ಡಪ್ಪ ನಕ್ಕುಬಿಟ್ಟ. "ಕೊಡಬೇ, ಕೊಡು. ಬೆಕ್ಕು ಬೆಕ್ಕಿನಂಗ ಇರ್ಲಿ. ವಿಮಾದಾವ ಹೇಳಾಕತ್ತೀನಿ. ಏನಾರ ಆದ್ರ ನಾ ಅದೀನಿ."

"ನೀ ಅದೀಯಲ್ಲ, ಸಾಕು ಬಿಡು" ಎಂದು ಅವಳೂ ನಕ್ಕಳು.

ಆ ಚಳಿಗಾಲ ಅರಳಿ ಮೈದುಂಬಿ ಹೊಳೆಯಿತು. ಅದೆಲ್ಲ ತುಪ್ಪದ ತುತ್ತಿನ ಫಲ ಎಂದುಕೊಂಡರು ಕಸ್ತೂರೆಮ್ಮನವರು. ಗಿಡ್ಡಪ್ಪನ ಕೈಗುಣ ಎಂದುಕೊಂಡರು ಬಸವಂತರಾಯರು. ದೊಡ್ಡಪ್ಪ ಎರಡಕ್ಕೂ ಹೌದೆಂದ.

ಯುಗಾದಿ ಮುಗಿದು ಬಿಸಿಲು ಏರಿದಾಗ ಗಿರಣಿಯ ಹೊಟ್ಟಿನ ಗುಡ್ಡೆಯಿಂದಲೋ, ಅಲ್ಲಿ ಮಲಗುವ ನಾಯಿಗಳಿಂದಲೋ ಅರಳಿಯ ಮೈಗೆ ಚಿಕ್ಕಾಡು ಹತ್ತಿದವು. ಆ ಬುಧವಾರ ದೊಡ್ಡಪ್ಪನಿಗೆ ಅವಸರವಿತ್ತು. ಲಿಂಗಸುಗೂರಿನಲ್ಲಿ ಬಾಬುಸಾಬ್ ಕಾಯುತ್ತಿದ್ದ, ಮೂವತ್ತು ಕುರಿಗಳ ಕಿವಿ ಕಾಯುತ್ತಿದ್ದವು. ಚೀಲದಲ್ಲಿ ಕುರಿಯ ಹೇನಿಗೆ ಹಾಕುವ ಘಾಟು ವಾಸನೆಯ ಪುಡಿಯ ಡಬ್ಬಿ ಇತ್ತು. ಕುರಿಗೆ ಹಾಕುವ ಲೆಕ್ಕ ಅವನ ಕೈಗೆ ಗೊತ್ತು. ಉಣ್ಣೆ ಕತ್ತರಿಸಿದ ಕುರಿಗೆ ಒಂದು ಹಿಡಿ, ಉಣ್ಣೆ ತುಂಬಿದ್ದಕ್ಕೆ ಎರಡು. ಅರಳಿಯ ಕೂದಲು ತುಂಬಿದ ಉಣ್ಣೆಗಿಂತ ಉದ್ದವಿತ್ತು. ಅವನು ಎರಡು ಹಿಡಿ ಹಾಕಿ, ಬುಡಕ್ಕೆ ಇಳಿಯುವಂತೆ ಉಜ್ಜಿದ.

ಅವಸರದಲ್ಲಿ ಮನೆಯವರಿಗೆ ಪುಡಿಯ ಮಾತೂ ಹೇಳದೆ ಬಸ್ಸು ಹಿಡಿದ.

ಕುರಿ ತನ್ನ ಮೈ ನೆಕ್ಕಿಕೊಳ್ಳುವುದಿಲ್ಲ. ಬೆಕ್ಕಿಗೆ ನಾಲಿಗೆಯೇ ಸ್ನಾನ.

ಮರುದಿನ ಹತ್ತು ಗಂಟೆಗೆ, ಅರಳಿಗೆ ಜಡ್ಡಾಗಿದೆ ಎಂದು ಗಿರಣಿಯ ಜೀಪು ಲಿಂಗಸುಗೂರಿಗೆ ಬಂತು. ಸಿಂಧನೂರಿನ ಡಾಕ್ಟರು ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದರು, ಸಂಜೆಯ ತನಕ ಸಿಗುತ್ತಿರಲಿಲ್ಲ. ದೊಡ್ಡಪ್ಪ ಕೈಯಲ್ಲಿದ್ದ ಕುರಿಯನ್ನು ಬಿಟ್ಟು ಜೀಪು ಹತ್ತಿದ. ದಾರಿಯುದ್ದಕ್ಕೂ ಏನಾಗಿರಬಹುದೆಂದು ಯೋಚಿಸಿದನೇ ಹೊರತು ಪುಡಿಯ ನೆನಪು ಬರಲಿಲ್ಲ.

ಅರಳಿ ಮಂಚದ ಕೆಳಗಿತ್ತು. ಬಾಯಿಂದ ಜೊಲ್ಲು ಸುರಿದು ಎದೆಯ ಕೂದಲು ಒದ್ದೆಯಾಗಿತ್ತು. ಮೈಯೆಲ್ಲ ಒಂದೇ ಸಮ ನಡುಗುತ್ತಿತ್ತು. ನಡು ನಡುವೆ ಕಾಲುಗಳು ಸೆಟೆದು ಮತ್ತೆ ಸಡಿಲವಾಗುತ್ತಿದ್ದವು. ಕೊರಳ ಬಿಲ್ಲೆ ನೆಲಕ್ಕೆ ಬಡಿದು ಸಣ್ಣಗೆ ಸದ್ದು ಮಾಡುತ್ತಿತ್ತು.

ಅವನು ಬಗ್ಗಿ ನೋಡಿದವನು ಹಾಗೇ ಉಳಿದ. ಹತ್ತು ವರ್ಷದ ಹುಡುಗನಾಗಿದ್ದಾಗ ಕುರಿಹಟ್ಟಿಯಲ್ಲಿ ಒಂದು ನಾಯಿ ಹೀಗೇ ನಡುಗಿದ್ದನ್ನು ನೋಡಿದ್ದ. ಕುರಿಗೆ ಹಾಕುವ ಪುಡಿಯನ್ನು ಯಾರೋ ಅದರ ಮೈಗೆ ಉಜ್ಜಿದ್ದರು. ನಾಯಿ ನೆಕ್ಕಿಕೊಂಡಿತ್ತು. ಸಂಜೆಗೆ ಅದನ್ನು ಹೂಳಿದರು. ಅವನ ಅಪ್ಪ ಆಗ ಹೇಳಿದ್ದ, ನೆಕ್ಕೋ ಪ್ರಾಣಿಗೆ ಈ ಪುಡಿ ಹಾಕಬಾರದು, ನೆನಪಿಡು ಅಂತ. ಅವನು ನಲವತ್ತು ವರ್ಷ ನೆನಪಿಟ್ಟಿದ್ದ. ಒಂದು ಬುಧವಾರ ಮರೆತ.

"ಏನಾಗೈತೋ ಗಿಡ್ಡಪ್ಪಾ? ಹೇಳು, ಏನಾಗೈತಿ?" ಎಂದರು ಕಸ್ತೂರೆಮ್ಮನವರು.

ನಾ ನೋಡಿದ್ದು ಹೇಳ್ತೀನಿ ಎನ್ನುವ ಬಾಯಿಂದ ಬಂದದ್ದು ಬೇರೆ ಮಾತು. "ಕಾವು ಹಿಡದೈತ್ರಿ ಅಮ್ಮಾರ. ಇಷ್ಟ್ ಕೂದಲಾ ಈ ಬಿಸಲಿಗೆ ತಡಿಯಂಗಿಲ್ಲ. ಪೂರಾ ತಗೀಬೇಕು."

ಅವನು ಉಣ್ಣೆ ಕತ್ತರಿ ತೆಗೆದ. ಬೇವಿನ ಕೆಳಗೆ ಚಾದರ ಹಾಸಿ ಪಕೀರಮ್ಮ ಬೆಕ್ಕನ್ನು ಹಿಡಿದು ಕೂತಳು. ನಡುಗುವ ಪ್ರಾಣಿಯ ಮೈಮೇಲೆ ಅಷ್ಟು ದೊಡ್ಡ ಕತ್ತರಿ ಆಡಿಸುವುದು ಸುಲಭವಲ್ಲ. ಒಂದು ಗೀರೂ ಬೀಳಲಿಲ್ಲ. ಕೂದಲು ಬೆಳ್ಳಗೆ ಒಂದೇ ಹಾಸಾಗಿ ಇಳಿಯಿತು. ಬಳಿಕ ಸಾಬಾಣ ಹಚ್ಚಿ ಮೂರು ಸಲ ತೊಳೆದರು. ಪಕೀರಮ್ಮ ಬಗ್ಗಿ ಬೆಕ್ಕಿನ ಬೆನ್ನು ಮೂಸಿದಳು.

"ಯಣ್ಣಾ, ಇದೇನ ಘಾಟು?"

"ಸಾಬಾಣದ್ದು."

ಅವಳು ಇನ್ನೊಮ್ಮೆ ಮೂಸಿದಳು. ನೀರು ಹಾಕಿದಳು.

ಆ ಹೊತ್ತಿನಲ್ಲಿ ಅವನಿಗೆ ಬೆಕ್ಕು ಬದುಕಬೇಕಿತ್ತು, ಅದು ಸುಳ್ಳಲ್ಲ. ಆದರೆ ಕತ್ತರಿ ಆಡುತ್ತಿದ್ದಂತೆ ತನ್ನ ತಪ್ಪಿನ ಗುರುತೂ ಬೆಕ್ಕಿನ ಮೈಯಿಂದ ಇಳಿಯುತ್ತಿದೆ ಎಂಬುದು ಕೈಗೆ ತಿಳಿಯುತ್ತಿತ್ತು. "ಎರಡೂ ಕೂಡೇ ಇದ್ವು ಮಗಳ, ಯಾವುದು ಮುಂದ ಯಾವುದು ಹಿಂದ ನನಗ ಗೊತ್ತಿಲ್ಲ" ಎಂದು ಮುಂದೊಮ್ಮೆ ನನಗೆ ಹೇಳಿದ. ಕತ್ತರಿಸಿದ್ದನ್ನು ಅಲ್ಲೇ ಹೂಳಬಹುದಿತ್ತು. ಮನೆತನದ ರೂಢಿ ಬಿಡಲಿಲ್ಲ. ಚಾದರದ ಮೇಲಿನ ಕೂದಲನ್ನು ಬಾಚಿ, ಟವೆಲಿನಲ್ಲಿ ಗಂಟು ಕಟ್ಟಿ ಚೀಲಕ್ಕೆ ಹಾಕಿದ.

ಡಾಕ್ಟರು ಸಂಜೆ ಬಂದು ಸೂಜಿ ಚುಚ್ಚಿದರು. ನಡುಕ ತಗ್ಗಿತು. ಬೋಳಾದ, ಹೊಸದಾಗಿ ಹುಟ್ಟಿದ ಇಲಿಮರಿಯಂತಿದ್ದ ಬೆಕ್ಕನ್ನು ನೋಡಿ ಅವರು, "ತೊಳೆದದ್ದು ಒಳ್ಳೇದಾಯ್ತು, ಇಲ್ಲದಿದ್ರೆ ಉಳೀತಿರಲಿಲ್ಲ. ಹೊಟ್ಟೆಗೆ ಏನೋ ವಿಷ ಹೋಗಿದೆ. ಏನು ತಿನ್ನಿಸಿದ್ರಿ?" ಎಂದರು.

"ಹಾಲನ್ನಾರೀ. ಬ್ಯಾರೆ ಏನೂ ಇಲ್ಲ" ಎಂದರು ಕಸ್ತೂರೆಮ್ಮನವರು.

ಪಡಸಾಲೆಯಲ್ಲಿ ದೊಡ್ಡಪ್ಪ ಕಂಬಕ್ಕೆ ಒರಗಿ ನಿಂತಿದ್ದ. ನಾಲಿಗೆಯ ತುದಿಗೆ ಪುಡಿಯ ಮಾತು ಬಂದಿತ್ತು ಎನ್ನುತ್ತಾನೆ. ಅಷ್ಟರಲ್ಲಿ ಬಸವಂತರಾಯರು ಅವನ ಹೆಗಲ ಮೇಲೆ ಕೈ ಇಟ್ಟು, "ಡಾಕ್ಟ್ರೇ, ಇಂವ ಇರ್ಲಿಲ್ಲಂದ್ರ ನಮ್ಮಾಕಿ ಇವತ್ತ ಏನ್ ಮಾಡಿಕೊಂತಿದ್ಲೋ. ದೇವರು ಬಂದಂಗ ಬಂದ" ಎಂದರು. ಆ ಕೈಯ ಭಾರಕ್ಕೆ ಮಾತು ಒಳಗಿಳಿಯಿತು.

ಆಗ ಬಾಗಿಲ ಬಳಿ ನಿಂತಿದ್ದ ಪಕೀರಮ್ಮ ಅಳತೊಡಗಿದಳು.

"ನಾ ಮೀನು ಹಾಕ್ತಿದ್ನಿರಿ ಅಮ್ಮಾರ. ಒಣ ಮೀನು. ಕೊಟ್ಟಿಗಿ ಹಿಂದ."

ಕಸ್ತೂರೆಮ್ಮನವರು ಮೊದಲು ಅರ್ಥವಾಗದವರಂತೆ ನೋಡಿದರು. ಆಮೇಲೆ ಅವರ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿತು. "ಮೀನು? ನಮ್ಮ ಮನ್ಯಾಗ? ಅದು ನನ್ನ ಪೂಜಾದಾಗ ಮೊಣಕಾಲಿಗೆ ಕೂಡ್ತೈತಿ, ಪಕೀರಮ್ಮಾ."

"ತಪ್ಪಾತ್ರಿ."

"ಯಾರು ಹೇಳಿದ್ರು ನಿನಗ ಹಾಕು ಅಂತ?"

ಪಕೀರಮ್ಮ ತಲೆ ಎತ್ತಿ ದೊಡ್ಡಪ್ಪನ ಮುಖವನ್ನು ಒಮ್ಮೆ ನೋಡಿದಳು. ಒಮ್ಮೆ ಮಾತ್ರ. ಅವನು ಚೀಲದ ಹಿಡಿಕೆಯನ್ನು ನೋಡುತ್ತಿದ್ದ.

"ಯಾರೂ ಇಲ್ರಿ. ನಾನ ಹಾಕೀನಿ" ಎಂದಳು.

ಡಾಕ್ಟರು ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದರು. ತಪ್ಪಿಗೆ ಒಬ್ಬ ಒಡತಿ ಸಿಕ್ಕಿದ್ದಳು. ಇನ್ನೊಬ್ಬರನ್ನು ಹುಡುಕುವ ಅಗತ್ಯ ಯಾರಿಗೂ ಇರಲಿಲ್ಲ. ಪಕೀರಮ್ಮ ಆ ಸಂಜೆಯೇ ತನ್ನ ಎರಡು ಸೀರೆ, ಒಂದು ತಟ್ಟೆ ಗಂಟು ಕಟ್ಟಿಕೊಂಡು ಹೋದಳು. ಲಿಂಗಪೂಜೆಯ ಮನೆಗೆ ಮೀನು ಹೊಗಿಸಿದವಳು, ಮೂಕ ಪ್ರಾಣಿಗೆ ವಿಷ ಹಾಕಿದವಳು ಎಂಬ ಹೆಸರು ಅವಳಿಗಿಂತ ಮೊದಲೇ ಸಿಂಧನೂರಿನ ಮನೆಗಳನ್ನು ಮುಟ್ಟಿತು. ಬೇರೆ ಕಡೆ ಕೆಲಸ ಸಿಗಲಿಲ್ಲ. ವಳಕಮದಿನ್ನಿಗೆ ಹೋಗಿ ನೆಲ್ಲಿನ ಗದ್ದೆಗೆ ಇಳಿದಳು.

ದೊಡ್ಡಪ್ಪನಿಗೆ ಬಸವಂತರಾಯರು ಒಂದು ಶಾಲು ಹೊದಿಸಿದರು. ಅದನ್ನು ಅವನು ಮನೆಗೆ ತಂದು ಪೆಟ್ಟಿಗೆಯ ತಳಕ್ಕೆ ಹಾಕಿದ. ದೊಡ್ಡವ್ವ ಕೇಳಿದರೆ, "ಸೆಕಿ ಐತಿ, ಯಾಕ ಹೊದ್ಕೊಳ್ಲಿ?" ಎಂದ. ಚಳಿ ಬಂದಾಗಲೂ ಹೊದ್ದುಕೊಳ್ಳಲಿಲ್ಲ. ಕೂದಲಿನ ಗಂಟು ಅದೇ ಪೆಟ್ಟಿಗೆಯಲ್ಲಿತ್ತು. ಶಾಲು ಎತ್ತಿದರೆ ಘಾಟು ಮುಖಕ್ಕೆ ಹೊಡೆಯುತ್ತಿತ್ತು.

ಅಮಾವಾಸ್ಯೆಯ ಅಕ್ಕಿ ನಿಲ್ಲಲಿಲ್ಲ. ಕಸ್ತೂರೆಮ್ಮನವರು ಈಗ ಸೇರಿನ ಮೇಲೆ ಒಂದು ಬೊಗಸೆ ಹೆಚ್ಚಿಗೆ ಹಾಕುತ್ತಿದ್ದರು. ಆ ಅಕ್ಕಿಯ ಅನ್ನ ಉಣ್ಣುವಾಗ ದೊಡ್ಡಪ್ಪ ತಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ. ಅದೇ ಮುಂಗಾರಿನಲ್ಲಿ ಗುಡದೂರಿನ ಕಡೆ ಒಂದು ಎಮ್ಮೆ ಸತ್ತಾಗ, ಪಂಚನಾಮೆಗೆ ಹೆಬ್ಬೆಟ್ಟು ಒತ್ತಲು ಮಸಿ ಮುಟ್ಟಿದವನು ಕೈ ಹಿಂದಕ್ಕೆ ತೆಗೆದ.

"ಬ್ಯಾರೆ ಯಾರದಾರ ತಗೋ ಬಾಬುಸಾಬ್."

"ಯಾಕೋ? ಕೈಗೆ ಏನಾತು?"

"ಏನಿಲ್ಲ. ನನ್ನ ಹೆಬ್ಬೆಟ್ಟು ಬ್ಯಾಡ."

ಬಾಬುಸಾಬ್ ವಯಸ್ಸಾಯಿತೆಂದು ತಿಳಿದ.

ಅರಳಿ ಬದುಕಿತು, ಆದರೆ ಚೇತರಿಸಲಿಲ್ಲ. ಎರಡು ತಿಂಗಳಿಗೆ ಬರಬೇಕಿದ್ದ ಕೂದಲು ನಾಲ್ಕು ತಿಂಗಳಾದರೂ ಚಿಗುರಲಿಲ್ಲ. ಅಲ್ಲಲ್ಲಿ ಒಣಗಿದ ಹುಲ್ಲಿನಂತೆ ತೇಪೆ ತೇಪೆಯಾಗಿ ಬಂತು. ಕಣ್ಣು ಮತ್ತೆ ಮಂಕಾಯಿತು. ಗೋಡೆಯ ಗುಂಟ ನಡೆಯುತ್ತಿತ್ತು. ಕಸ್ತೂರೆಮ್ಮನವರು ಹಾಲಿಗೆ ತುಪ್ಪ ಹೆಚ್ಚಿಸಿದರು; ಬೆಕ್ಕು ಮೂಸಿ ಮುಖ ತಿರುಗಿಸಿತು. ಡಾಕ್ಟರು ಬಂದು ನೋಡಿ, "ಮೊದಲು ಚೆನ್ನಾಗಿತ್ತಲ್ಲ, ಆಗ ಏನು ತಿಂತಿತ್ತೋ ಅದನ್ನೇ ಕೊಡಿ" ಎಂದು ಹೋದರು.

"ಆಗೂ ಹಾಲನ್ನಾನ ತಿಂತಿತ್ತು. ಈಗೂ ಅದನ್ನ ಕೊಡಾಕತ್ತೀನಿ" ಎಂದು ಕಸ್ತೂರೆಮ್ಮನವರು ದೊಡ್ಡಪ್ಪನಿಗೆ ಹೇಳಿದರು. "ನೀ ಏನಾರ ಮಾಡೋ ಗಿಡ್ಡಪ್ಪಾ. ಜಿಮ್ಮಾ ನಿಂದು ಅಂದಿದ್ನಿಲ್ಲ?"

ಔಷಧ ಯಾವುದೆಂದು ಅವನಿಗೆ ಗೊತ್ತಿತ್ತು. ಕೊಟ್ಟಿಗೆಯ ಹಿಂದೆ ಅದು ದಿನವೂ ಒಂದೀಟು ಸಿಗುತ್ತಿತ್ತು. ಮೀನು ಕೊಡಿ ಎಂದರೆ, ಮೀನು ತಾನೇ ವಿಷ ಎಂದು ಅವರು ಕೇಳುತ್ತಾರೆ. ಮೀನು ವಿಷವಲ್ಲ ಎಂದರೆ, ಹಾಗಾದರೆ ವಿಷ ಯಾವುದು ಎನ್ನುತ್ತಾರೆ. ಬೆಕ್ಕು ಉಳಿಯಬೇಕಾದರೆ ಪಕೀರಮ್ಮನ ಹೆಸರು ತೊಳೆಯಬೇಕು. ಅದು ತೊಳೆಯಬೇಕಾದರೆ ತನ್ನದು ಹೋಗಬೇಕು. ಎರಡು ಬುಧವಾರ ಅವನು ಬೇವಿನ ಕೆಳಗೆ ಕೂತು ಆ ಬಡಕಲು ಬೆನ್ನು ಸವರಿ ಎದ್ದು ಬಂದ. ಮೂರನೆಯದು ಅಮಾವಾಸ್ಯೆ. ಪೆಟ್ಟಿಗೆಯಿಂದ ಗಂಟು ತೆಗೆದುಕೊಂಡು ಬಸ್ಸು ಹತ್ತಿದ. ಸತ್ತ ಎಮ್ಮೆಯ ಕಿವಿಯನ್ನು ಒಪ್ಪಿಸಲು ಹೋಗುವಾಗ ಹೀಗೇ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದ.

ಗಿರಣಿ ಮೌನವಾಗಿತ್ತು. ಕಸ್ತೂರೆಮ್ಮನವರು ಅಕ್ಕಿಯ ಸೇರು ಹಿಡಿದು ಬಂದರು.

"ಅಕ್ಕಿ ಬ್ಯಾಡ್ರಿ ಅಮ್ಮಾರ. ಮೊದಲ ಇದನ್ನ ಮೂಸಿ ನೋ​ಡ್ರಿ."

ಅವರು ಗಂಟು ಬಿಚ್ಚಿದರು. ಬಿಳಿ ಕೂದಲು ಉಸಿರಿಗೆ ಅಲುಗಿತು. ಮುಖ ಹತ್ತಿರ ತಂದವರು ಹಿಂದಕ್ಕೆ ಸರಿದರು. "ಏನಿದು? ಇದು ಅರಳೀ ಕೂದಲಾ ಅಲ್ಲೇನು?"

"ಅರಳೀದ. ವಾಸನಿ ನಂದು. ಕುರಿ ಪುಡಿ. ಎರಡು ಹಿಡಿ ಹಾಕಿದ್ದೆ. ಅದು ನೆಕ್ಕಿಕೊಂತೈತಿ ಅನ್ನೋದು ಮರತಿದ್ದೆ. ಬಂದು ನೋಡಿದ ಕೂಡ್ಲೇ ನನಗ ಗೊತ್ತಾತು. ಗೊತ್ತಿದ್ದೂ ಕಾವು ಅಂದೆ. ಮೀನು ವಿಷ ಆಗಿದ್ದಿಲ್ರಿ. ಮೀನಿಂದಾನ ಅದು ಮಿಂಚತಿತ್ತು. ಪಕೀರಮ್ಮಗ ಕೊಡು ಅಂತ ಹೇಳಿದಾವನೂ ನಾನ."

ಅವರು ಕೂದಲಿನಲ್ಲಿ ಕೈಯಿಟ್ಟು ಕೂತರು. ಬೈಯುತ್ತಾರೆ, ಗಂಡನನ್ನು ಕರೆಯುತ್ತಾರೆ ಎಂದು ಅವನು ಕಾದ. ಕರೆಯಲಿಲ್ಲ.

"ಆಕಿ ನಿನ್ನ ಹೆಸರು ಹೇಳ್ಲಿಲ್ಲ" ಎಂದರು.

"ಇಲ್ರಿ."

"ನೀ ಅಲ್ಲೇ ನಿಂತಿದ್ದಿ."

"ಹೌದ್ರಿ."

ಅವರು ಗಂಟನ್ನು ಮತ್ತೆ ಕಟ್ಟಿದರು. "ಪುಡಿ ನಿಂದು, ಮೀನು ಆಕಿದು. ಎರಡೂ ನನ್ನ ಮನ್ಯಾಗ ನನಗ ಗೊತ್ತಿಲ್ದಂಗ ಆಗ್ಯಾವು. ವಿಷ ಹಾಕ್ಯಾಳ ಅಂತ ಊರಾಗ ಹೇಳಿದಾಕಿ ಮಾತ್ರ ನಾನು." ಗೋಡೆಗುಂಟ ಬರುತ್ತಿದ್ದ ಅರಳಿ ಅವರ ಸೀರೆಯ ಅಂಚಿಗೆ ತಲೆ ತಾಗಿಸಿ ನಿಂತಿತು. "ಮೀನು ತಿಂದ್ರ ಕಣ್ಣು ಬರತಾವೇನು?"

"ಬರಬಹುದ್ರಿ."

"ಕಾಂಪೌಂಡಿನ ಆಚಿಗೆ ತಿನಸು. ನನಗ ಏನೂ ಹೇಳಬ್ಯಾಡ." ಅವರು ಒಳಗೆ ಹೋಗಿ ಒಂದು ಚೀಲ ತುಂಬ ಅಕ್ಕಿ ತಂದಿಟ್ಟರು. "ಇದು ನಿನಗಲ್ಲ. ವಳಕಮದಿನ್ನಿಗೆ ಮುಟ್ಟಿಸು."

ವಳಕಮದಿನ್ನಿಯಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು. ಪಕೀರಮ್ಮ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರ ಸಾಲಿನಲ್ಲಿದ್ದಳು. ಅವನನ್ನು ಕಂಡು ಕೆಸರಿನಿಂದ ಬದುವಿಗೆ ಹತ್ತಿದಳು. ಅವನು ಬದುವಿನ ಮೇಲೆ ಚೀಲ ಇಳಿಸಿ, ನಿಂತೇ ಎಲ್ಲವನ್ನೂ ಹೇಳಿದ. ಅವಳು ಮೊಣಕೈಯ ಕೆಸರನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು.

"ನನಗ ಗೊತ್ತಿತ್ತು ಯಣ್ಣಾ" ಎಂದಳು. "ಮೂಗು ನನಗೂ ಐತಿ. ಸಾಬಾಣ ಅಂದಿ, ಅವತ್ತ ಗೊತ್ತಾತು."

"ಮತ್ತ್ ಯಾಕ ಹೇಳಲಿಲ್ಲಬೇ?"

"ಮೀನಂತೂ ನಾನ ಹಾಕಿದ್ದೆ, ಹೌದಿಲ್ಲೋ? ಪುಡಿದು ನೀ ಹೇಳ್ತಿ ಅಂತ ಇದ್ದೆ. ನಾ ಅದೀನಿ ಅಂದಿದ್ದಿ. ಅದಕ ನಿನ್ನ ಮಾರಿ ನೋಡಿದೆ."

ಅವಳು ಕಾಲಿನಿಂದ ಅಕ್ಕಿಯ ಚೀಲವನ್ನು ಮೆಲ್ಲಗೆ ಮುಟ್ಟಿದಳು. "ಇದೇನು? ನೆಲ್ಲಿನ ಊರಿಗೆ ಅಕ್ಕಿ ತಂದ್ಯಾ?" ಸಾಲಿನ ಹೆಂಗಸರು ನಕ್ಕರು. ಅವಳು ನಗಲಿಲ್ಲ. "ಅಕ್ಕಿ ಕಳಿಸ್ಯಾರ. ತಾವು ಬಂದಿಲ್ಲ. ತಿರುಗಿ ಒಯ್ಯಿ."

ಅವನು ಚೀಲಕ್ಕೆ ಕೈ ಹಾಕಿದ. ಹೊರಟವನನ್ನು ಅವಳು ನಿಲ್ಲಿಸಿದಳು.

"ಈಗ ಏನ್ ತಿಂತೈತಿ ಅದು?"

"ಏನೂ ತಿನ್ನವಲ್ದು."

ಅವಳು ಗದ್ದೆ ದಾಟಿ ಮನೆಗೆ ಹೋಗಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಒಣ ಮೀನು ತಂದು ಅವನ ಕೈಯಲ್ಲಿಟ್ಟಳು. "ನೀರಾಗ ನೆನಿಯಾಕ ಹಾಕು. ಮುಳ್ಳು ತಗದು ಬೆರಳಿಂದ ತಿನಸು, ಒಮ್ಮೆಲೇ ಹಾಕಬ್ಯಾಡ. ಕೈ ನಾರತಾವು. ನಾರಲಿ."

ಆ ಮೇಲೆ ಐದು ವರ್ಷ ದೊಡ್ಡಪ್ಪ ವಾರಕ್ಕೆ ಎರಡು ಸಲ ಮಸ್ಕಿಯಿಂದ ಸಿಂಧನೂರಿನ ಬಸ್ಸು ಹತ್ತಿದ. ಮೀನು ವಳಕಮದಿನ್ನಿಯಿಂದಲೇ ಬರುತ್ತಿತ್ತು; ಅದಕ್ಕೆ ಪ್ರತಿಯಾಗಿ ಅವಳು ಏನನ್ನೂ ಮುಟ್ಟಲಿಲ್ಲ. ಅವನೂ ಅಮಾವಾಸ್ಯೆಯ ಅಕ್ಕಿ ಮುಟ್ಟಲಿಲ್ಲ. ಕಸ್ತೂರೆಮ್ಮನವರು ತಮ್ಮ ಓಣಿಯ ನಾಲ್ಕು ಮನೆಗಳಲ್ಲಿ ಪಕೀರಮ್ಮ ವಿಷ ಹಾಕಿರಲಿಲ್ಲ ಎಂದು ಹೇಳಿದರಂತೆ. ಜನ ಹೌದೇ ಎಂದು ಕೇಳಿ, ಮೀನಂತೂ ಹಾಕಿದ್ದಳಲ್ಲ ಎಂದರಂತೆ. ಅವರು ವಳಕಮದಿನ್ನಿಗೆ ಹೋಗಲಿಲ್ಲ. ಪಕೀರಮ್ಮ ಮತ್ತೆ ಸಿಂಧನೂರಿನ ಯಾವ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ.

ಲಿಂಗಸುಗೂರಿನ ಕಾಲೇಜಿನಿಂದ ರಜೆಗೆ ಬಂದಿದ್ದಾಗ ನಾನೂ ಒಮ್ಮೆ ಅವನ ಜೊತೆ ಹೋಗಿದ್ದೆ. ಗಿರಣಿಯ ಕಾಂಪೌಂಡಿನ ಹೊರಗೆ, ಜಾಲಿಯ ತುಣುಕು ನೆರಳಿನಲ್ಲಿ ಅವನು ಕುಕ್ಕರಗಾಲಲ್ಲಿ ಕೂತ. ಮೊದಲು ಬಾಟಲಿಯ ನೀರಿನಿಂದ ಕೈ ತೊಳೆದ. ಒಮ್ಮೆ, ಎರಡು ಸಲ, ಮೂರು ಸಲ. ಪ್ರತಿ ಸಲವೂ ಮೂಸಿ ನೋಡಿದ. ಆಮೇಲೆ ಮೀನಿನ ಗಂಟು ಬಿಚ್ಚಿದ. ಗೇಟಿನ ಸಂದಿಯಿಂದ ಅರಳಿ ಬಂತು. ಕೂದಲು ಮೊದಲಿನಷ್ಟು ಉದ್ದ ಬಂದಿರಲಿಲ್ಲ, ಬಿಳಿ ಮಾತ್ರ ಬಂದಿತ್ತು. ಕೊರಳಲ್ಲಿ ನಂಬರಿಲ್ಲದ ಬಿಲ್ಲೆ. ತಿಂದು ಮುಗಿಸಿ ಅದು ಅವನ ಬೆರಳುಗಳನ್ನು ಒಂದೊಂದಾಗಿ ನೆಕ್ಕತೊಡಗಿತು.

ಬಸ್ಸಿನ ಹೊತ್ತಾಗಿತ್ತು. ನಾನು ಏಳು ಎಂದೆ.

"ತಡಿ" ಎಂದ ದೊಡ್ಡಪ್ಪ. ಕೈಯನ್ನು ಹಾಗೇ ಹಿಡಿದುಕೊಂಡಿದ್ದ. "ಇನ್ನಾ ನೆಕ್ಕಾಕತ್ತೈತಿ."